ಭೀತಿಮಾಪಕದ ಸರಾಸರಿ

ಹಣಕಾಸು ಸಚಿವಾಲಯದ ಗೋಡೆಯ ಮೇಲೆ ಎರಡು ದೀಪಗಳು ಉರಿಯುತ್ತಿದ್ದವು. ಗಣಿಯೂರು ಬ್ಯಾಂಕಿನದು ಕೆಂಪು, ನೇಕಾರರ ಬ್ಯಾಂಕಿನದು ಹಸಿರು.

ಅದು ಭೀತಿಮಾಪಕ. ಬ್ಯಾಂಕಿನ ಬಾಗಿಲಲ್ಲಿ ಕೂರಿಸಿದ ಸಂವೇದಕವು ಸಾಲಿನಲ್ಲಿ ನಿಂತವರ ಉಸಿರು, ಬೆವರು, ನಾಡಿಬಡಿತಗಳನ್ನು ದೂರದಿಂದಲೇ ಅಳೆದು, ಅವರ ಭಯದ ಸರಾಸರಿಯನ್ನು ರಾಜಧಾನಿಗೆ ಕಳಿಸುತ್ತಿತ್ತು. ಭಯ ಹೆಚ್ಚಿದಷ್ಟೂ ದೀಪ ಕೆಂಪಾಗುತ್ತಿತ್ತು. ಎರಡೂ ಬ್ಯಾಂಕುಗಳು ಮುಳುಗುತ್ತಿದ್ದವು. ಬೊಕ್ಕಸದಲ್ಲಿ ಒಂದನ್ನು ಉಳಿಸುವಷ್ಟೇ ಹಣವಿತ್ತು. ಸಂಜೆ ಯಾವ ದೀಪ ಹೆಚ್ಚು ಕೆಂಪಾಗಿರುತ್ತದೋ ಆ ಬ್ಯಾಂಕಿಗೆ ನೆರವು ಎಂದು ಕಾನೂನಾಗಿತ್ತು.

"ನಿಮ್ಮ ಯಂತ್ರಕ್ಕೆ ನಮ್ಮ ಜನರ ಕಷ್ಟ ಅರ್ಥವಾಗಿದೆ ಡಾಕ್ಟರೇ," ಎಂದು ಹಣಕಾಸು ಮಂತ್ರಿ ವೀರಭದ್ರಯ್ಯ ನಕ್ಕರು. ಗಣಿಯೂರು ಅವರದೇ ಕ್ಷೇತ್ರ. ಬೆಳಿಗ್ಗೆ ಪಕ್ಷದವರು ಜೀಪುಗಳಲ್ಲಿ ಹೋಗಿ ಅಲ್ಲಿ ಬ್ಯಾಂಕು ಇಂದೇ ಮುಚ್ಚುತ್ತದೆಂದು ವದಂತಿ ಹಬ್ಬಿಸಿದ್ದು ಯಂತ್ರವನ್ನು ರೂಪಿಸಿದ ವಿಜ್ಞಾನಿ ಸುಗುಣಾಳಿಗೆ ಗೊತ್ತಿತ್ತು. ಅವಳ ಪ್ರಯೋಗಾಲಯದ ಅನುದಾನಕ್ಕೆ ಅವರ ಸಹಿ ಬೇಕಿತ್ತು. ಅವಳು ಬಾಯಿ ಬಿಡಲಿಲ್ಲ.

ಆದರೆ ಆ ಹಸಿರು ದೀಪ ಅವಳನ್ನು ಕೂರಲು ಬಿಡಲಿಲ್ಲ. ಮುಳುಗುತ್ತಿರುವ ಬ್ಯಾಂಕಿನ ಮುಂದೆ ಭಯ ಸೊನ್ನೆಯಾದದ್ದು ಹೇಗೆ? ವೇಗದ ರೈಲು ಹತ್ತಿ ನೇಕಾರರ ಊರಿಗೆ ಹೋದಳು.

ಬ್ಯಾಂಕಿನ ಮುಂದೆ ಉದ್ದನೆಯ ಸಾಲಿತ್ತು. ಬರೀ ಚಪ್ಪಲಿಗಳದ್ದು. ಜನರೆಲ್ಲ ದೂರದ ಬೇವಿನ ಮರದ ಕೆಳಗೆ ಕೂತಿದ್ದರು.

"ಈ ಬಿಸಲಾಗ ಯಾರ್ ನಿಂದರ್ತಾರವ್ವಾ? ಚಪ್ಪಲಿ ಇಟ್ರ ಪಾಳಿ ಇದ್ದಂಗ," ಎಂದಳು ಬಸಲಿಂಗವ್ವ ಎಂಬ ನೇಕಾರ ಹೆಂಗಸು.

"ನಿಮಗೆ ಹೆದರಿಕೆಯಿಲ್ಲವೇ?"

"ಇರಂಗಿಲ್ಲೇನ? ಮಗ್ಗ ಮಾರಿದ ರೊಕ್ಕ ಒಳಗೈತಿ. ಕೈಕಾಲು ತಣ್ಣಗಾಗ್ಯಾವ."

"ಯಂತ್ರ ಸಾಲನ್ನಷ್ಟೇ ನೋಡುತ್ತದೆ ಅಮ್ಮಾ. ಸಾಲಿನಲ್ಲಿ ಯಾರೂ ಇಲ್ಲ ಅಂತ..."

"ಅಂದ್ರ ನಿಮ್ ಮಿಷನ್ನಿನ ಸಲುವಾಗಿ ಚಪ್ಪಲಿ ಹೆದರಬೇಕಿತ್ತೇನು?" ಮರದಡಿಯಲ್ಲಿ ನಗೆ ಎದ್ದಿತು. ಸುಗುಣಾ ನಗಲಿಲ್ಲ.

ಸಂವೇದಕವನ್ನು ಪರೀಕ್ಷಿಸಲು ಅವಳು ಬಾಗಿಲಿನತ್ತ ನಡೆದಳು. ಚಪ್ಪಲಿಗಳ ನಡುವೆ ನಿಂತಾಗ ಅಂಗೈ ಬೆವರಿತು, ಎದೆ ಹೊಡೆದುಕೊಂಡಿತು. ತಪ್ಪು ಮಾಡಿದವರ ಬೆವರಿಗೂ ಹೆದರಿದವರ ಬೆವರಿಗೂ ಯಂತ್ರಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ, ಸಂಜೆಯ ಗಡುವಿಗೆ ಸರಿಯಾಗಿ, ಮಂತ್ರಿಗಳ ಫೋನು ಬಂತು. "ಏನ್ರೀ ಇದು! ನೇಕಾರರ ದೀಪ ಗಣಿಯೂರಿಗಿಂತ ಕೆಂಪಾಗಿದೆ! ಈಗ ಅವರ ನೆರವಿಗೆ ಸಹಿ ಹಾಕದಿದ್ದರೆ ವಿರೋಧ ಪಕ್ಷದವರು ಬಿಡುವುದಿಲ್ಲ. ಅಲ್ಲಿ ಅಷ್ಟು ಜನ ಹೆದರಿದ್ದಾರಾ?"

ಸುಗುಣಾ ಮುಂದೆ ನೋಡಿದಳು, ಹಿಂದೆ ನೋಡಿದಳು. ಸಾಲಿನಲ್ಲಿ ಅವಳೊಬ್ಬಳೇ ಇದ್ದಳು.

"ಸಾಲಿನಲ್ಲಿ ನಿಂತವರೆಲ್ಲ ಹೆದರಿದ್ದಾರೆ ಸರ್," ಎಂದಳು.

ನೆರವು ನೇಕಾರರಿಗೆ ಬಂತು. ಬಸಲಿಂಗವ್ವ ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸುಗುಣಾಳಿಗೆ ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಗಣಿಯೂರಿನ ಇಳಿಬಿಸಿಲಿನಲ್ಲಿ, ಮುಳುಗುವ ಬ್ಯಾಂಕಿನ ಮುಂದೆ, ನಿಜವಾದ ಜನರು ಇನ್ನೂ ನಿಂತೇ ಇದ್ದರು.