ಹೈಪೋ ಕಾಣದ ಮುಖ

ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಫೋಟೋಗ್ರಾಫರ್ ಚಿನ್ನದ ಮಾತೆತ್ತುತ್ತಲೇ ರೈಟರ್ ಲಗುಬಗೆಯಿಂದ ಪೆನ್ನು ಹಿಡಿದ.

"ಎಷ್ಟು ಗ್ರಾಂ?"

"ಚಿನ್ನ ಹೋಗಿಲ್ಲ ಸಾರ್. ಚಿನ್ನದ ನೀರಲ್ಲಿ ಅದ್ದಿಟ್ಟಿದ್ದ ಫೋಟೋ ಹೋಗಿದೆ. ನನ್ನ ಹೆಂಡತೀದು."

ರೈಟರ್ ಮುಖ ಸಪ್ಪಗಾಯಿತು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು.

ಹೆಂಡತಿ ತೀರಿಹೋಗಿ ವರ್ಷವಾಗಿತ್ತು. ಅವಳ ಗಾಜಿನ ನೆಗೆಟಿವ್ ಕೈಜಾರಿ ಒಡೆದು, ಉಳಿದದ್ದು ಈ ಒಂದೇ ಪ್ರಿಂಟು. ಕಾಗದಕ್ಕೆ ತಾನೇ ಬೆಳ್ಳಿಯ ಲವಣ ಬಳಿದು, ಬಿಸಿಲಲ್ಲಿ ಚಿತ್ರ ಮೂಡಿಸಿ, ಚಿನ್ನದ ದ್ರಾವಣದಲ್ಲಿ ಬಣ್ಣ ಕೂರಿಸಿದ್ದ. ಮೊನ್ನೆ ಹೈಪೋ ಪುಡಿ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ತಟ್ಟೆ ಖಾಲಿ. ಜೊತೆ ಕೆಲಸದವರ ಮೇಲೆಲ್ಲ ಅನುಮಾನಪಟ್ಟು ಎರಡು ದಿನ ಹಾಳು ಮಾಡಿಕೊಂಡಿದ್ದ.

"ಹೈಪೋದಲ್ಲಿ ಅದ್ದದೆ ಚಿತ್ರ ನಿಲ್ಲಲ್ಲ ಸಾರ್. ಬೆಳಕು ಬಿದ್ದಷ್ಟೂ ಕಪ್ಪಾಗುತ್ತೆ. ಬೇಗ ಸಿಗದಿದ್ರೆ ಅವಳ ಮುಖಾನೇ ಹೋಗ್ಬಿಡುತ್ತೆ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಅವನ ಸ್ಟುಡಿಯೋದಲ್ಲಿ ಸ್ಥಳ ಪಂಚನಾಮೆ. ದುಬಾರಿ ಕ್ಯಾಮೆರಾಗಳು, ಚಿನ್ನದ ದ್ರಾವಣದ ಬಾಟಲಿ ಎಲ್ಲವೂ ಇದ್ದಲ್ಲೇ ಇದ್ದವು. ಹಿತ್ತಿಲ ಬಾಗಿಲ ಬೀಗ ಮುರಿದಿರಲಿಲ್ಲ. ಖಾಲಿ ತಟ್ಟೆಯ ಮೇಲೆ ಕಪ್ಪು ಬಟ್ಟೆ ಅಚ್ಚುಕಟ್ಟಾಗಿ ಹೊದಿಸಿತ್ತು.

"ಪಾತ್ರೆ ಮುಚ್ಚಿಟ್ಟು ಹೋಗೋ ಕಳ್ಳನ್ನ ನಾನೆಲ್ಲೂ ನೋಡಿಲ್ಲ ಸಾರ್," ಎಂದಳು ಮಹಿಳಾ ಪೇದೆ.

ಇನ್‌ಸ್ಪೆಕ್ಟರ್ ನಗಲಿಲ್ಲ. "ಇನ್ನೊಂದು ಕೀ ಯಾರ ಹತ್ರ ಇತ್ತು?"

"ಹೆಂಡತಿ ಹತ್ರ."

"ಅವರ ಸಾಮಾನು ಯಾರು ತಗೊಂಡು ಹೋದ್ರು?"

"ಅತ್ತೆ."

"ಫೋಟೋ ಕೇಳಿದ್ರಾ?"

"ಕೇಳಿದ್ರು. ಪ್ರದರ್ಶನಕ್ಕಿಡ್ಬೇಕು, ಅದು ಮುಗೀಲಿ, ಇದೆಲ್ಲ ನಿಮಗೆ ಅರ್ಥ ಆಗಲ್ಲ ಅಂದೆ."

ಇಂಥ ಮಾತಿಗೆ ಯಾವ ಕಲಮಿನಲ್ಲೂ ಶಿಕ್ಷೆಯಿಲ್ಲ. ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಹೈಪೋ ಡಬ್ಬಿ ತಬ್ಬಿಕೊಂಡು ಅವನೂ ಹತ್ತಿದ.

ಅತ್ತೆಯದು ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಪ್ರಿಂಟು ಕಿಟಕಿಗೆ ಒರಗಿ ನಿಂತಿತ್ತು. ಕೆನ್ನೆ, ಹಣೆ ಆಗಲೇ ಕಂದುಹೋಗಿದ್ದವು. ಇನ್‌ಸ್ಪೆಕ್ಟರ್ ತಮ್ಮ ಟೋಪಿ ತೆಗೆದು ಅದಕ್ಕೆ ಅಡ್ಡ ಹಿಡಿದರು. ಫೋಟೋಗ್ರಾಫರ್ ಹೈಪೋ ಕಲಸತೊಡಗಿದ.

"ಕಳವಿನ ಮಾಲು, ಮುದ್ದೆಮಾಲು ಸಾರ್," ರೈಟರ್ ಪಿಸುಗುಟ್ಟಿದ. "ಇದ್ದಹಾಗೇ ಜಪ್ತಿ ಮಾಡಬೇಕು."

"ಇದ್ದಹಾಗೇ ಉಳೀಬೇಕಂದ್ರೆ ಮೊದಲು ಅದ್ದಬೇಕಲ್ಲಯ್ಯ. ಹಾಗೇ ಬರಿ."

ಪಂಚ ಸಾಕ್ಷಿಗಳ ಎದುರು, ಬಚ್ಚಲಿನ ಬೋಗುಣಿಯಲ್ಲಿ, ಚಿತ್ರ ಹೈಪೋ ಕಂಡಿತು. ಹೋದ ಬೆಳಕು ಮರಳಲಿಲ್ಲ. ಆದರೆ ಕಣ್ಣುಗಳು ಉಳಿದಿದ್ದವು, ತುಟಿಯಂಚಿನ ನಗುವೂ. ಇನ್ನು ಅದನ್ನು ಹರಿಯುವ ನೀರಲ್ಲಿ ಬಹಳ ಹೊತ್ತು ತೊಳೆಯಬೇಕಿತ್ತು. ಅತ್ತೆ ತಾವೇ ನಲ್ಲಿ ತಿರುಗಿಸಿ ಪಕ್ಕದಲ್ಲಿ ಕುಳಿತರು.

"ಯಾಕಮ್ಮ ತಗೊಂಡ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ದಿನಾ ನೋಡ್ಬೇಕಿತ್ತು, ಅಷ್ಟೇ."

"ಕಪ್ಪಾಗ್ತಿರೋದು ಕಾಣಲಿಲ್ವಾ?"

"ಕಾಣ್ತಪ್ಪ. ಕದ್ದು ತಂದೆ ಅಂತ ಮಗಳು ಮುಖ ಮರೆಸ್ಕೊಳ್ತಿದಾಳೆ ಅಂದ್ಕೊಂಡೆ. ಅದಕ್ಕೇ ಇನ್ನಷ್ಟು ಕಿಟಕಿ ಹತ್ರ ಇಟ್ಟೆ, ಚೆನ್ನಾಗಿ ಕಾಣ್ಲಿ ಅಂತ."

ಅಳಿಯನಿಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತ. ದೂರು ಹಿಂದಕ್ಕೆ ತಗೊಳ್ತೀನಿ ಸಾರ್ ಎಂದ. ಅದನ್ನು ನ್ಯಾಯಾಧೀಶರ ಮುಂದೆ ಹೇಳಿ ಎಂದರು ಇನ್‌ಸ್ಪೆಕ್ಟರ್, ಮೆಲ್ಲಗೆ.

ಆರೋಪಿಯನ್ನು ಸಂಜೆ ನಾಲ್ಕೂ ಹತ್ತಕ್ಕೆ ಬಂಧಿಸಲಾಯಿತು. ತಡವೇಕೆ ಎಂಬುದಕ್ಕೆ ರೈಟರ್ ಯಾರೂ ಹೇಳದೆಯೇ ಬರೆದುಕೊಂಡ: ತಾಯಿ ಮಗಳ ಮುಖ ತೊಳೆಯುತ್ತಿದ್ದರು.