ಮುಂಡರಗಿಯ ಒಗ್ಗರಣೆ

ಗದಗಿನ ನಮ್ಮ ಕಚೇರಿಯಲ್ಲಿ ಕುಳಿತು ನಾನು ಮನೆಗಳ ನೀರಿನ ಪೈಪು, ಹೊಗೆಯ ಕೊಳವೆಗಳನ್ನು ಕಂಪ್ಯೂಟರಿನ ನಕ್ಷೆಯಲ್ಲಿ ಜೋಡಿಸುತ್ತೇನೆ. ಮುಂಡರಗಿಯ ಮರಿಯವ್ವನವರ ಹೊಸ ಮನೆಗೂ ನಾನೇ ಜೋಡಿಸಿದ್ದು. ಗೋಡೆಗಳೆದ್ದ ಮೇಲೆ ಬಂದ ಅವರ ಬೇಡಿಕೆ ಒಂದೇ. ಒಗ್ಗರಣೆಯ ವಾಸನೆ ಬಂದರೆ ಬಸುರಿ ಸೊಸೆಗೆ ಊಟ ಇಳಿಯುವುದಿಲ್ಲ, ಆ ವಾಸನೆ ಅವಳ ಮೇಲಿನ ಕೋಣೆಗೆ ಹೋಗಬಾರದು.

ಮನೆಶಾಂತಿ ಮಾಡಿ ಅವರು ಹೊಸ ಮನೆ ಹೊಕ್ಕ ಮರುದಿನ ಮಧ್ಯಾಹ್ನ ನಾನು ಆ ನಕ್ಷೆಯ ಫೈಲು ತೆರೆದಿದ್ದಾಗ ಬೆಳ್ಳುಳ್ಳಿ ಹೊತ್ತಿದ ವಾಸನೆ ಬಂತು. ಕಚೇರಿಯಲ್ಲಿ ಒಲೆಯಿಲ್ಲ, ಕಿಟಕಿಯೂ ಮುಚ್ಚಿತ್ತು. ಕಂಪ್ಯೂಟರಿನ ಪರದೆಯ ಮುಂದೆ ಕೈ ಒಡ್ಡಿದರೆ ಬಿಸಿಯಾದ ಜಿಡ್ಡು ಗಾಳಿ. ಅಷ್ಟರಲ್ಲಿ ಮರಿಯವ್ವನವರ ಫೋನು ಬಂತು.

“ಬಾಯಾರ, ಮ್ಯಾಲ ಒಂಚೂರೂ ವಾಸನಿ ಇಲ್ರಿ. ಸೊಸಿ ಹೊಟ್ಟಿ ತುಂಬ ಉಂಡ್ಲು.”

“ಬಳ್ಳೊಳ್ಳಿ ಹೊತ್ತಿಸಿದ್ರೇನ್ರಿ?”

“ನಮ್ಮ ಮನಿ ಚಾಡಿ ಯಾರ್ ಹೇಳಿದ್ರು ನಿಮಗ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮಾರನೆಯ ದಿನ ಮತ್ತೆ ವಾಸನೆ ಬಂದಾಗ, ಪರದೆಯ ಮೇಲಿನ ಹೊಗೆಕೊಳವೆಯ ಹೊರತುದಿಗೆ ಒಂದು ಮುಚ್ಚಳ ಹಾಕಿದೆ. ವಾಸನೆ ನಿಂತಿತು. ಹಿಂದೆಯೇ ಫೋನು ಬಂತು.

“ಅಡಗಿಮನಿ ತುಂಬ ಹೊಗಿ ನಿಂತೈತ್ರಿ ಬಾಯಾರ. ಸೊಸಿ ತಾಟು ಬಿಟ್ಟು ಎದ್ದಾಳ.”

“ತಡೀರಿ ಅವ್ವಾರ,” ಎಂದು ಮುಚ್ಚಳವನ್ನು ಅಳಿಸಿದೆ.

“ಹಾಂ, ಹೋತ್ರಿ. ಅಲ್ಲಿ ಕುಂತ ಏನ್ ಮಾಡಿದ್ರಿ?”

“ಏನಿಲ್ರಿ,” ಎಂದು ಫೋನಿಟ್ಟೆ. ಅಂದಿನಿಂದ ಆ ಫೈಲನ್ನು ಮುಚ್ಚುವ ಧೈರ್ಯವಾಗಿಲ್ಲ, ಕಂಪ್ಯೂಟರನ್ನೂ ಆರಿಸುವುದಿಲ್ಲ. ಸೊಸೆ ಚೆನ್ನಾಗಿ ಉಣ್ಣುತ್ತಿದ್ದಾಳಂತೆ. ನಾನು ಡಬ್ಬಿಯಲ್ಲಿ ಈಗ ಪಲ್ಯವಿಲ್ಲದ ಬರೀ ರೊಟ್ಟಿ ಕಟ್ಟಿಕೊಂಡು ಬಂದು ಪರದೆಯ ಮುಂದೆ ಕುಳಿತು ಉಣ್ಣುತ್ತೇನೆ.

ಇವತ್ತು ಅವರ ಮನೆಯಲ್ಲಿ ಎಣ್ಣೆಗಾಯಿ.