ಕೆಮ್ಮಣ್ಣಿನ ಪಟ್ಟಿ

"ಅಯ್ಯಯ್ಯೋ... ಸರೀರಿ, ಸರೀರಿ!"

ಮಾಳಿಗೆಯ ಮೇಲಿನಿಂದ ಕೂಗು ಕೇಳುವಷ್ಟರಲ್ಲಿ ಒಂದು ಬುಟ್ಟಿ ಸವಳು ಮಣ್ಣು ಬಾಗಿಲಲ್ಲಿ ನಿಂತವನ ತಲೆಯ ಮೇಲೆ ಸುರಿದಾಗಿತ್ತು. ಟೋಪಿ, ಕಪ್ಪು ಶೇರವಾನಿ, ಕಂಕುಳಲ್ಲಿದ್ದ ಮೂರು ನೋಟುಪುಸ್ತಕ... ಎಲ್ಲವೂ ಒಂದೇ ಬಣ್ಣ!

ಮೇಲೆ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ನಿಂತ ಅಹಲ್ಯಾ ಕೆಳಗೆ ಬಗ್ಗಿ ನೋಡಿದಳು.

"ಕಣ್ಣಿಗೆ ಬಿತ್ತೇನ್ರಿ?"

"ಕಣ್ಣಿಗಿಲ್ಲ, ಬಾಯಿಗೆ ಬಿದ್ದದ," ಎಂದು ಆತ ಉಗುಳಿದ. "ಎಂ.ಎ. ಓದೋ ಅಹಲ್ಯಾಬಾಯಿಯವರ ಮನಿ ಇದೇ ಏನು? ಸ್ವಲ್ಪ ಕರೀತೀರೇನು ಅವರನ್ನ?"

"ಅಕಿ... ಮಾಳಗಿ ಮ್ಯಾಲಿದ್ದಾಳ್ರಿ. ಈಗ ಮಣ್ಣು ಸುರುವಿದ್ಲಲ್ಲ, ಅಕಿನೇ."

ಪಕ್ಕದಲ್ಲಿ ಮಣ್ಣು ತುಳಿಯುತ್ತಿದ್ದ ಗೌಂಡಿ ಗಡಿಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಬಂದವನು ಮಾನ್ವಿಯ ಶಾಲೆಯ ಮಾಸ್ತರ, ಜಗನ್ನಾಥ. ಎರಡು ವರ್ಷದ ಹಿಂದೆ ಅದೇ ಇತಿಹಾಸದ ಎಂ.ಎ. ಮುಗಿಸಿದವನು. ಅಹಲ್ಯಾಳ ಸೋದರಮಾವ ಹೇಳಿದ್ದಕ್ಕೆ ತನ್ನ ಟಿಪ್ಪಣಿಗಳನ್ನು ಕೊಡಲು ಬಂದಿದ್ದ.

ಅದು ನಲವತ್ತನಾಲ್ಕನೆಯ ಇಸವಿ. ಆಗಿನ ರಾಯಚೂರಿಗೆ ಬೇಸಿಗೆಯೆಂದರೆ ಮಾಳಿಗೆಗಳ ಕಾಲ. ಮಳೆ ಬರುವುದರೊಳಗೆ ಮಣ್ಣು ಹಾಕಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿದ ಮನೆಯಷ್ಟೇ ಸೋರದೆ ಉಳಿಯುತ್ತಿತ್ತು. ಎಷ್ಟೋ ವರ್ಷಗಳ ಮೇಲೂ, ಕಾದ ಮಣ್ಣಿಗೆ ನೀರು ಬಿದ್ದ ವಾಸನೆ ಬಂದರೆ ಸಾಕು, ಅಹಲ್ಯಾಬಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ಕೂತುಬಿಡುತ್ತಿದ್ದರು.

ಆ ವರ್ಷ ಅವಳಿಗೆ ಕೂರಲು ಪುರಸೊತ್ತೇ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ತಂದೆ ತೀರಿಕೊಂಡಿದ್ದರು. ಅದೇ ತಿಂಗಳು ಹಿಂದಿನ ಕೋಣೆಯ ಗೋಡೆಯೂ ಕುಸಿದಿತ್ತು. ಪರೀಕ್ಷೆಗೆ ಓದಲೆಂದು ಹೈದರಾಬಾದಿನಿಂದ ಬಂದವಳ ಹೆಗಲಿಗೆ ಮನೆಯೂ ಬಿತ್ತು.

ಬೆಳಗ್ಗೆ ಗೌಂಡಿಯ ಹಿಂದೆ ಓಡಾಟ. ಮಧ್ಯಾಹ್ನ ಓದು. ಯುದ್ಧದ ದಿನಗಳು, ಸೀಮೆಎಣ್ಣೆ ಸಿಗುತ್ತಿರಲಿಲ್ಲ; ಬೆಳಕಿರುವಾಗಲೇ ಪುಟ ತಿರುವಬೇಕು. ಸಂಜೆಯಾದರೆ ಚೈತ್ರಗೌರಿಯ ಅರಿಶಿನ ಕುಂಕುಮ, ದಿನಕ್ಕೊಂದು ಮನೆ! ವಿಧವೆಯಾದ ತಾಯಿ ಸತ್ಯಭಾಮಾಬಾಯಿ ಹೋಗುವಂತಿಲ್ಲ. ಗಂಡ ಹೋದಾಗಿನಿಂದ ಅವರು ತಲೆಬಾಗಿಲನ್ನೇ ದಾಟಿರಲಿಲ್ಲ.

"ಈ ವರ್ಷ ಕುಂಕುಮಕ್ಕ ಹೋಗೋದು ಬಿಡ್ಲೇನವ್ವಾ?"

"ಬಿಡು. ನಾಳೆ ನಿನ್ನ ಲಗ್ನಕ್ಕ ಬರೋರು ನಾನೂ ಗಡಿಗೆಪ್ಪನೂ ಇಬ್ಬರೇ!"

ಹೋದಲ್ಲಿ ಪಾನಕ ಕೋಸಂಬರಿಯ ಜೊತೆ ಚುಚ್ಚುಮಾತು. ಎದುರುಮನೆಯ ವೆಂಕೂಬಾಯಿ ಎಲ್ಲರೆದುರೇ ಕೇಳಿದ್ದರು, "ಎಂ.ಎ. ಮುಗಿಸಿ ಯಾರ ಮನಿ ಸಾರಸ್ತಿ ಅಹಲ್ಯಾ?"

"ಮೊದಲು ನಮ್ಮನಿ ಮಾಳಗಿ ಮುಗೀಲಿ ಮೌಶಿ. ಆಮ್ಯಾಲೆ ನಿಮ್ಮನಿಗೇ ಬರ್ತೀನಿ!"

ಎಲ್ಲರೂ ನಕ್ಕರು. ಅಹಲ್ಯಾಳೂ ನಕ್ಕಳು. ಮನೆಗೆ ನಡೆಯುವಾಗ ಮಾತ್ರ ಕಣ್ಣು ಮಂಜಾದವು.

ಆಗ ಶಾಲೆಗೆ ಶುಕ್ರವಾರ ರಜೆ. ಪ್ರತಿ ಶುಕ್ರವಾರ ಜಗನ್ನಾಥ ಮಾನ್ವಿಯಿಂದ ಮೋಟಾರಿನಲ್ಲಿ ಬರತೊಡಗಿದ. ಹೊಸ ಗೋಡೆಯ ನೆರಳಲ್ಲಿ, ಮಗುಚಿಟ್ಟ ಬುಟ್ಟಿಯ ಮೇಲೆ ಕೂತು ಪಾಠ ಹೇಳುತ್ತಿದ್ದ. ಅವಳು ಸುಣ್ಣ ಕಲಸುತ್ತಲೇ ಉತ್ತರಿಸುತ್ತಿದ್ದಳು. ಒಳಗೆ ತಾಯಿಯ ಕಿವಿ ಇತ್ತಲೇ ಇರುತ್ತಿತ್ತು.

"ಬಹಮನಿ ರಾಜ್ಯ ಯಾಕ ಒಡೀತು, ಹೇಳ್ರಿ."

"ತೊಲಿ ಗಟ್ಟಿ ಇದ್ವು. ಗ್ವಾಡಿಗೆ ಗ್ವಾಡಿ ಹೊಂದಲಿಲ್ಲ."

"ಹಿಂಗ ಬರದ್ರ ಯಾರೂ ಪಾಸ್ ಮಾಡಂಗಿಲ್ಲ."

"ಬರಿಯೋದಿಲ್ರಿ. ನಿಮಗಷ್ಟೇ ಹೇಳಿದೆ."

ನಿಮಗಷ್ಟೇ... ಮಾತು ಜಾರಿದ ಮೇಲೆ ಬಹಳ ಹೊತ್ತು ಇಬ್ಬರೂ ತಲೆಯೆತ್ತಲಿಲ್ಲ.

ನಾಲ್ಕನೆಯ ಶುಕ್ರವಾರ, ಹೊರಟವನು ಹೊಸ್ತಿಲಲ್ಲಿ ನಿಂತ. "ಮುಂದಿನ ವಾರ ನಿಮ್ಮ ತಾಯಿಯವರ ಹತ್ರ ಒಂದು ಮಾತು ಆಡೋದದ. ನಿಮ್ಮದೇನೂ ಅಡ್ಡಿ ಇಲ್ಲಲ್ಲ?"

"ಯಾವ ಮಾತು ಅಂತ ಗೊತ್ತಿಲ್ದ ನಾ ಹೆಂಗ ಹೇಳ್ಲಿ?"

ಗೊತ್ತಿತ್ತು! ಆ ಏಳು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಆ ಶುಕ್ರವಾರವೇ ಕೆಲಸವೂ ಮುಗಿಯಿತು. ಗಡಿಗೆಪ್ಪ ಮುಂದಿನ ಗೋಡೆಗೆಲ್ಲ ಸುಣ್ಣ ಬಳಿದು, ಅದರ ಮೇಲೆ ಉದ್ದಕ್ಕೂ ಕೆಮ್ಮಣ್ಣಿನ ಪಟ್ಟಿ ಎಳೆದ.

"ಯಜಮಾನ್ರಿಲ್ಲದ ಮನಿ ಬೋಳಾಗಿ ಕಾಣಬಾರದಂತ ಎಳದೀನ್ರಿ ಬಾಯಾರ. ನಮ್ಮ ದೇವದುರ್ಗದಾಗ ಹಬ್ಬಕ್ಕೂ ನಾ ಹಿಂಗ ಎಳಿತೀನಿ."

ಅಹಲ್ಯಾಗೆ ತಂದೆ ನೆನಪಾದರು. ಬೇರೇನೂ ಹೊಳೆಯಲಿಲ್ಲ ಅವಳಿಗೆ.

ಸಂಜೆಯವರೆಗೂ ಜಗನ್ನಾಥ ಬರಲಿಲ್ಲ. ವೆಂಕೂಬಾಯಿಯ ಮನೆಯ ಕುಂಕುಮಕ್ಕೆ ಓಡಿಹೋಗಿ ಓಡಿಬಂದಳು. ಕಟ್ಟೆಯ ಮೇಲೆ ಹೊಸದೊಂದು ನೋಟುಪುಸ್ತಕವಿತ್ತು.

"ಈಗ ಬಂದಿದ್ರು ಬಾಯಾರ. ಗ್ವಾಡಿ ನೋಡ್ಕೋತ ನಿಂತ್ರು. ಒಳಗ ಬರ್ರಿ ಅಂದೆ, ಬ್ಯಾಡಂದು ಹೋಗೇಬಿಟ್ರು," ಎಂದ ಗಡಿಗೆಪ್ಪ.

ಪುಸ್ತಕದಲ್ಲೊಂದು ಚೀಟಿ. 'ನಿಮಗೆಲ್ಲ ಶುಭವಾಗಲಿ. ಇನ್ನು ನಾನು ಬರುವುದು ಸರಿಯಲ್ಲ.'

ಅವಳು ಮೂರು ಸಲ ಓದಿದಳು. ಅಂದರೆ ಮನಸ್ಸು ಬದಲಾಯಿಸಿದರೇ? ಸುಣ್ಣ ಮಣ್ಣಿನಲ್ಲಿ ನಿಂತ ಹುಡುಗಿ ಬೇಡವಾದಳೇ...? ಅತ್ತರೆ ತಾಯಿಗೆ ಕೇಳಿಸೀತೆಂದು ಅಳಲೂ ಇಲ್ಲ. ಹೈದರಾಬಾದಿಗೆ ಹೋಗಿ ಪರೀಕ್ಷೆ ಬರೆದು ಬಂದಳು.

ಬಂದ ದಿನವೇ ವೆಂಕೂಬಾಯಿ ಅಡ್ಡಗಟ್ಟಿದರು. "ಲಗ್ನ ಗೊತ್ತಾಗಿ ತಿಂಗಳಾತು, ಎದುರುಮನಿಯವರಿಗೂ ಹೇಳಬಾರದೇನ?"

"ಯಾರ ಲಗ್ನ ಮೌಶಿ?"

"ಮಳ್ಳಿ! ನಮ್ಮ ಓಣಿಯೊಳಗ ಕೆಮ್ಮಣ್ಣಿನ ಪಟ್ಟಿ ಲಗ್ನದ ಮನಿಗಲ್ಲದ ಯಾರಿಗೆ ಎಳೀತಾರ? ಹೋಗಿ ಬರೋರೆಲ್ಲ ನೋಡ್ಯಾರ!"

ಅಹಲ್ಯಾ ಗೋಡೆಗೆ ಒರಗಿದಳು. ಹೋಗಿ ಬರುವವರೆಲ್ಲ... ಅವರೂ! ಬೇರೆಯವರಿಗೆ ಗೊತ್ತಾದ ಹೆಣ್ಣೆಂದು ತಿಳಿದು ಒಂದು ಮಾತೂ ಕೇಳದೆ ಹೋಗಿಬಿಟ್ಟರೇ!

ಅಂದು ತಾಯಿಯ ಮಡಿಲಲ್ಲಿ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಸತ್ಯಭಾಮಾಬಾಯಿ ಮಗಳ ತಲೆ ಸವರಿ, "ಮಾಸ್ತರ ದೇವದುರ್ಗಕ್ಕ ವರ್ಗಾ ಮಾಡಿಸ್ಕೊಂಡಾನಂತ. ಗಡಿಗೆಪ್ಪ ಹೇಳಿದ. ನಾಳೆ ಹೋಗೋಣು," ಎಂದರು.

"ನೀನು... ಹೊರಗ ಬರ್ತೀಯೇನವ್ವಾ?"

"ಇಲ್ಲಿತನಕ ಯಾತಕ್ಕ ಬರಬೇಕಿತ್ತು, ಹೇಳು?"

ಮರುದಿನ ಮಧ್ಯಾಹ್ನ, ದೇವದುರ್ಗ. ಬಾಡಿಗೆ ಮನೆಯ ಅಂಗಳದ ಬಾವಿಕಟ್ಟೆಯ ಮೇಲೆ ಓದುತ್ತಿದ್ದ ಜಗನ್ನಾಥ ತಲೆಯೆತ್ತಿದ. ಪುಸ್ತಕ ಕೈಯಿಂದ ಜಾರಿತು.

"ನೀವು? ಲಗ್ನ... ಆತೇನ್ರಿ?"

"ಯಾರ ಜೋಡಿ ಆಗಬೇಕಿತ್ತು?" ಅವಳು ಹತ್ತಿರ ಬಂದಳು. "ಗೌಂಡಿ ನಮ್ಮ ಮ್ಯಾಲಿನ ಪ್ರೀತಿಗೆ ಒಂದು ಪಟ್ಟಿ ಎಳದ. ಅದನ್ನ ನೋಡಿದ್ರಿ, ಹೊಂಟ್ರಿ. ಒಳಗ ಬಂದು ಒಂದು ಮಾತು ಕೇಳಬಾರದಿತ್ತೇನು?"

ಅವನ ಮುಖ ಬಿಳಿಚಿತು. "ಕೇಳಿದ್ರ ನೀವು ಹೌದಂತಿದ್ರಿ ಅಂತ... ಹೆದರಿಕಿ ಆತು."

ಜಗನ್ನಾಥ ಬಿದ್ದ ಪುಸ್ತಕವನ್ನು ಎತ್ತಿಟ್ಟ.

"ಪರೀಕ್ಷಾ?" ಎಂದ ಮೆಲ್ಲಗೆ.

"ಒಂದು ಪ್ರಶ್ನಿ ಬಿಟ್ಟು ಬಂದೆ. ನೀವು ಹೇಳಿಕೊಟ್ಟದ್ದೇ ಬಂದಿತ್ತು... ಬರೀಲಿಕ್ಕೆ ಕೈ ಏಳಲಿಲ್ಲ."

ಅವನ ಕಣ್ಣು ತುಂಬಿದವು.

"ಅವ್ವ ಹೊರಗ ಬೇವಿನ ಗಿಡದ ಕೆಳಗ ಕೂತಾಳ," ಎಂದಳು ಅಹಲ್ಯಾ. "ಮಡಿಹೆಂಗಸು, ಮುಂಜಾನಿಂದ ಒಂದು ಗುಟುಕು ನೀರು ಕುಡಿದಿಲ್ಲ. ಬೀಗರ ಮನಿ ಆದ್ರ ಒಳಗ ಬಂದು ಕುಡೀತಾಳಂತ. ಅಲ್ಲದಿದ್ರ... ಹಿಂಗೇ ತಿರುಗಿ ಹೋಗೋಣು ಅಂದಾಳ."

ಜಗನ್ನಾಥ ತಟ್ಟನೆ ಎದ್ದ. ಅಂಗಿ ತೆಗೆದಿಟ್ಟು, ತಂಬಿಗೆಯ ನೀರನ್ನು ತಲೆಯ ಮೇಲೆ ಸುರಿದುಕೊಂಡ. ಮಡಿಯಲ್ಲಿ, ಒದ್ದೆ ಪಂಚೆಯಲ್ಲೇ ತಾಮ್ರದ ಕೊಡ ಎತ್ತಿಕೊಂಡು ಬಾವಿಗೆ ಬಂದ.

"ಇದಕ್ಕೇನಂತ ತಿಳ್ಕೊಳ್ಲಿ ನಾನು?" ಅಳುತ್ತಲೇ ನಕ್ಕಳು ಅವಳು. "ಹೂಂ ಅಂತ ಬಾಯಿಬಿಟ್ಟು ಹೇಳಬಾರದೇನ್ರಿ?"

"ಹೂಂ," ಎಂದ ಅವನು, ಕೊಡವನ್ನು ಬಾವಿಗೆ ಇಳಿಬಿಡುತ್ತ. "ನೂರು ಸಲ ಹೂಂ. ಈಗ ಜಲ್ದಿ ಹೋಗಿ ಅವ್ವನ್ನ ಒಳಗ ಕರಕೊಂಡು ಬಾ, ಅಹಲ್ಯಾ. ನೀರಡಿಸಿ ಕೂತಾರ."